ಇಂಟರ್‌ನ್ಯಾಷನಲ್ ಸಿಟಿಯಿಂದ – 23: ಕಲ್ಲು ಹಿಡಿದ ಅಭಿಮಾನ, ಕಣ್ಣು ಕೊಟ್ಟ ಅಭಿಮಾನ

ಈ ಸಲದ ಪೋಸ್ಟು ಉದ್ದ. ಎರಡು ದಿನ ಆಫ್ ಸಿಕ್ಕಿತ್ತು, ಕೂತು ಬರೆದೆ. ನಾಲ್ಕು ಭಾಗ ಮಾಡಿದ್ದೇನೆ, ಬಿಡುವಾದಾಗ ಓದಿ.

ಭಾಗ 1

ಇಲ್ಲಿರುವವರಿಗೆ ಗೊತ್ತು, ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಕ್ಲಸ್ಟರುಗಳಿಗೆ ದೇಶಗಳ ಹೆಸರು. ಫ್ರಾನ್ಸಿನಲ್ಲಿ ಹಾಸನದವರು, ಪರ್ಷಿಯಾದಲ್ಲಿ ಪುತ್ತೂರಿನವರು, ಇಂಗ್ಲೆಂಡಿನಲ್ಲಿ ಇಳಕಲ್ಲಿನವರು. ನಮ್ಮ ಕನ್ನಡ ಮನೆಗಳ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆ ತಪ್ಪದೆ ಬರುವ ಚರ್ಚೆ ಒಂದಿದೆ: ಮಕ್ಕಳು ರೀಲ್ಸ್ ನೋಡಿ ಹಾಳಾಗುತ್ತಿದ್ದಾರೆ, ಮಾತು, ಬಟ್ಟೆ, ಕೂದಲು ಎಲ್ಲ ಅಲ್ಲಿಂದಲೇ ಬರುತ್ತಿದೆ. ಹೋದ ವಾರ ಒಬ್ಬರು ನೇರವಾಗಿ ನನ್ನನ್ನೇ ಹಿಡಿದುಕೊಂಡರು. "ಸಿಸ್ಟರ್, ನೀವು ಆಸ್ಪತ್ರೆಯವರು, ನೀವೇ ಹೇಳಿ. ನೋಡಿದ್ದನ್ನೇ ಹುಡುಗರು ಮಾಡ್ತಾರೋ ಇಲ್ವೋ?"

ಅಭಿಪ್ರಾಯ ಎಲ್ಲರ ಹತ್ತಿರವೂ ಇದೆ. ನಾನು ಅದರ ಬದಲು ಸ್ವಲ್ಪ ಇತಿಹಾಸ ಹೇಳುತ್ತೇನೆ. ಇನ್‌ಸ್ಟಾಗ್ರಾಂ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಒಂದು ತೆರೆ ನಮ್ಮ ಕರ್ನಾಟಕದ ಹುಡುಗರನ್ನು ಹಿಡಿದುಕೊಂಡಿತ್ತು. ಅದರ ಪರಿಣಾಮ ಏನಾಯಿತು ಎಂದು ನೋಡಲು ನಮಗೆ ಐವತ್ತು ವರ್ಷಗಳ ದಾಖಲೆ ಇದೆ. ಆ ತೆರೆ ಸಿನಿಮಾ.

1972ರಿಂದ ಶುರು ಮಾಡೋಣ. ಆ ವರ್ಷ ಮಾರ್ಚ್ 31ಕ್ಕೆ 'ಬಂಗಾರದ ಮನುಷ್ಯ' ಬಂತು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ. ಭಾವ ತೀರಿಕೊಂಡ ಮೇಲೆ ಅಕ್ಕನ ಸಂಸಾರಕ್ಕೆ ಹೆಗಲು ಕೊಡಲು ಹಳ್ಳಿಯಲ್ಲೇ ನಿಂತು, ಬಂಜರು ನೆಲವನ್ನು ಹಸನು ಮಾಡುವ ರಾಜೀವಪ್ಪನ ಕಥೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಹೊಲಕ್ಕೆ ಮರಳಿದವರ ಕಥೆಗಳನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ.

ನಾನು ಆ ಕಥೆಗಳನ್ನು ನಂಬುತ್ತೇನೆ. ಆದರೆ ಹೇಳುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಮರಳಿದವರಿಗೆ ಮರಳಲು ಒಂದು ಹೊಲ ಇತ್ತು. ಅದೇ ಮಾರ್ಚ್ ತಿಂಗಳಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದರು. 1974ರ ಮಾರ್ಚ್‌ನಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು, ಗೇಣಿದಾರರು ಅರ್ಜಿ ಹಾಕಿ ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಮಣ್ಣಿನಲ್ಲಿ ಮರ್ಯಾದೆ ಇದೆ ಎಂದು ತೆರೆಯ ಮೇಲೆ ಅಣ್ಣಾವ್ರು ತೋರಿಸುತ್ತಿದ್ದ ವರ್ಷಗಳಲ್ಲೇ ಸರ್ಕಾರ ಆ ಮಣ್ಣಿನ ಪಹಣಿ ಬದಲಾಯಿಸುತ್ತಿತ್ತು. ನೆಲವೇ ಇಲ್ಲದ ಕೂಲಿಯವನ ಮಗ ಅದೇ ಸಿನಿಮಾವನ್ನು ಐದು ಸಲ ನೋಡಿದರೂ ಬೇಸಾಯಗಾರನಾಗಲಿಲ್ಲ.

ಅದೇ 1972ರ ಡಿಸೆಂಬರಿನಲ್ಲಿ 'ನಾಗರಹಾವು' ಬಂತು. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು ಮಾಡಿದ ಚಿತ್ರ. ಚಿತ್ರದುರ್ಗದ ಕೋಟೆ, ವಿಷ್ಣುವರ್ಧನ್ ಅವರ ರಾಮಾಚಾರಿ. ತಂದೆಗೂ ಬಗ್ಗದ, ಕಾಲೇಜಿಗೂ ಬಗ್ಗದ, ಚಾಮಯ್ಯ ಮೇಷ್ಟ್ರ ಮಾತಿಗೆ ಮಾತ್ರ ಬಗ್ಗುವ ಹುಡುಗ. ಹಾಗಾದರೆ ಲೆಕ್ಕ ಹೇಗೆ ಹಾಕೋಣ? ಒಂದೇ ವರ್ಷದಲ್ಲಿ, ಒಂದೇ ಊರಿನ ಟೆಂಟಿನಲ್ಲಿ, ಮನೆಗಾಗಿ ತನ್ನನ್ನೇ ತೇಯುವ ರಾಜೀವಪ್ಪನನ್ನೂ ಮನೆಯನ್ನೇ ಎದುರು ಹಾಕಿಕೊಳ್ಳುವ ರಾಮಾಚಾರಿಯನ್ನೂ ಹುಡುಗರು ನೋಡಿದರು, ಇಬ್ಬರಿಗೂ ಶಿಳ್ಳೆ ಹೊಡೆದರು. ನೋಡಿದ್ದನ್ನೇ ಮಾಡುತ್ತಾರೆ ಎನ್ನುವುದಾದರೆ ಯಾರದನ್ನು ಮಾಡಬೇಕಿತ್ತು?

ತೆರೆಯ ಮೇಲೆ ಬೀಡಿ, ಸಿಗರೇಟು, ಹೆಂಡವನ್ನು ದೂರವಿಟ್ಟ ನಟ ಎಂಬ ಹೆಸರು ರಾಜ್‌ಕುಮಾರ್ ಅವರಿಗೆ ಇತ್ತು. ಅವರ ಸಿನಿಮಾ ನಡೆಯುತ್ತಿದ್ದಾಗಲೇ ಟೆಂಟಿನ ಮುಂದಿನ ಸಾಲಿನಲ್ಲಿ ನಮ್ಮೂರ ಗಂಡಸರು ಬೀಡಿ ಹಚ್ಚುತ್ತಿದ್ದರು. ಹೊಗೆಯ ನಡುವೆಯೇ ಅಣ್ಣಾವ್ರಿಗೆ ಕೈ ಮುಗಿಯುತ್ತಿದ್ದರು. ತೆರೆ ಹೇಳಿದ್ದೆಲ್ಲ ನೆಲಕ್ಕೆ ಇಳಿಯುವುದಿಲ್ಲ. ಇಳಿಯಬೇಕಾದರೆ ನೆಲದ ಮೇಲೆ ಅದಕ್ಕೆ ಜಾಗ ಇರಬೇಕು.

ಜಾಗ ಇದ್ದಾಗ ಏನಾಗುತ್ತದೆ ಎನ್ನುವುದಕ್ಕೆ 1980ರ 'ಆಟೋ ರಾಜ' ಸಾಕು. ಶಂಕರ್‌ನಾಗ್ ಖಾಕಿ ಹಾಕಿ ಆಟೋ ಓಡಿಸಿದರು. ಊರಿಂದ ಬಂದು ಬಾಡಿಗೆ ಆಟೋ ಓಡಿಸುತ್ತಿದ್ದ ಹುಡುಗನನ್ನು ಪಟ್ಟಣ ಜಗಳಗಂಟ ಎನ್ನುತ್ತಿತ್ತು, ಪೊಲೀಸರು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಅಂಥವನಿಗೆ ಒಂದು ಸಿನಿಮಾ ಒಂದು ಮುಖ ಕೊಟ್ಟಿತು. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತದಲ್ಲಿ ತೀರಿಕೊಂಡರು. ಅವರು ಹೋಗಿ ಮೂವತ್ತೈದು ವರ್ಷವಾಯಿತು. ಇಂದಿಗೂ ರಾಜ್ಯದ ಯಾವ ಊರಿಗೆ ಹೋದರೂ ಶಂಕರ್‌ನಾಗ್ ಆಟೋ ನಿಲ್ದಾಣ ಒಂದು ಸಿಗುತ್ತದೆ, ಆಟೋದ ಹಿಂದೆ ಶಂಕ್ರಣ್ಣನ ಚಿತ್ರ ಇರುತ್ತದೆ. ಅವರು ಬದುಕಿದ್ದಾಗ ಹುಟ್ಟಿಯೇ ಇರದ ಹುಡುಗ ಆ ಚಿತ್ರಕ್ಕೆ ಹಾರ ಹಾಕುತ್ತಾನೆ. ಸಮಾಜ ಕೊಡದೆ ಇಟ್ಟುಕೊಂಡಿದ್ದ ಗೌರವವನ್ನು ಆತ ತೆರೆಯಿಂದ ಕಡ ತಂದ, ಹಾಗೇ ಇಟ್ಟುಕೊಂಡ.

ಇನ್ನು ಸಂಘಗಳು. ವಿ.ಕೃ. ಗೋಕಾಕರ ಸಮಿತಿ 1981ರ ಜನವರಿಯಲ್ಲಿ ವರದಿ ಕೊಟ್ಟಿತು: ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು. ವರದಿ ಜಾರಿಯಾಗಲಿ ಎಂದು ಧಾರವಾಡದ ಸಾಹಿತಿಗಳು ಹೋರಾಟ ಶುರು ಮಾಡಿದರು. ಅದು ಬೀದಿ ಬೀದಿಗೆ ಇಳಿದದ್ದು 1982ರಲ್ಲಿ, ರಾಜ್‌ಕುಮಾರ್ ಬಂದ ಮೇಲೆ. ಸಾ.ರಾ. ಗೋವಿಂದು ಅವರ ಮುಂದಾಳತ್ವದ ರಾಜ್‌ಕುಮಾರ್ ಅಭಿಮಾನಿಗಳ ಸಂಘದ ಹುಡುಗರು ಊರೂರಿನಲ್ಲಿ ಬಾವುಟ ಹಿಡಿದರು. ಕಟೌಟಿಗೆ ಹಾಲು ಎರೆಯುತ್ತಿದ್ದ ಹುಡುಗನಿಗೆ ಒಂದು ಭಾಷೆ, ಒಂದು ಬೇಡಿಕೆ, ಒಂದು ಮೆರವಣಿಗೆ ಸಿಕ್ಕಿತು. ನಟನ ಅಭಿಮಾನಿ ಎಂಬ ಗುರುತು ಕನ್ನಡಿಗ ಎಂಬ ಗುರುತಿನ ಜೊತೆ ಆಗ ಹೆಣೆದುಕೊಂಡದ್ದು ಇನ್ನೂ ಬಿಚ್ಚಿಕೊಂಡಿಲ್ಲ. ರಾಜ್‌ಕುಮಾರ್ ಚುನಾವಣೆಗೆ ನಿಲ್ಲಲಿಲ್ಲ. ಪಕ್ಕದ ಎಂ.ಜಿ.ಆರ್, ಎನ್.ಟಿ.ಆರ್ ಅವರ ಅಭಿಮಾನಿಗಳಿಗೆ ಓಟು ಹಾಕುವ ಕೆಲಸವಾದರೂ ಇತ್ತು. ನಮ್ಮ ಹುಡುಗರ ಹತ್ತಿರ ಸಂಘ ಉಳಿಯಿತು, ಉತ್ಸಾಹ ಉಳಿಯಿತು, ಮಾಡಲು ಕೆಲಸ ಇರಲಿಲ್ಲ. ಮುಂದಿನದನ್ನು ಅರ್ಥ ಮಾಡಿಕೊಳ್ಳಲು ಇದು ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಭಾಗ 2

2006ರ ಏಪ್ರಿಲ್ 12, ಬುಧವಾರ. ಮಧ್ಯಾಹ್ನ ಸದಾಶಿವನಗರದ ಮನೆಯಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡರು. 77 ತುಂಬಲು 12 ದಿನ ಬಾಕಿ ಇತ್ತು.

ಆಗ ನಾನು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದೆ. ನಮ್ಮ ಹಾಸ್ಟೆಲ್ ಗೇಟಿಗೆ ಬೀಗ ಬಿತ್ತು. ಎರಡು ದಿನ ಮೆಸ್ಸಿನಲ್ಲಿ ಅನ್ನ ಸಾರು ಬಿಟ್ಟರೆ ಬೇರೆ ಏನೂ ಇರಲಿಲ್ಲ, ತರಕಾರಿ ತರಲು ಯಾರೂ ಹೊರಗೆ ಹೋಗಲಿಲ್ಲ. ತಾರಸಿಯಿಂದ ನೋಡಿದರೆ ದೂರದಲ್ಲಿ ಹೊಗೆ ಕಾಣುತ್ತಿತ್ತು.

ನಡೆದದ್ದು ಎಲ್ಲರಿಗೂ ಗೊತ್ತು. ಸುದ್ದಿ ಟಿವಿಯಲ್ಲಿ ಬಂದ ಕೂಡಲೇ ಜನ ಮನೆಯ ಮುಂದೆ ಸೇರಿದರು, ಅಲ್ಲಿಂದ ಕಂಠೀರವ ಕ್ರೀಡಾಂಗಣಕ್ಕೆ ನುಗ್ಗಿದರು. ಮರುದಿನ ಕಂಠೀರವ ಸ್ಟುಡಿಯೋವರೆಗೆ ಅಂತಿಮ ಯಾತ್ರೆ. ಮುಖ ನೋಡಬೇಕು ಎಂದು ಬಂದವರಿಗೆ ಮುಖ ಕಾಣಲಿಲ್ಲ. ಕಲ್ಲು ಬಿತ್ತು, ಬಸ್ಸುಗಳಿಗೆ ಬೆಂಕಿ ಬಿತ್ತು, ಅಶ್ರುವಾಯು ಸಿಡಿಯಿತು, ಗೋಲಿಬಾರ್ ಆಯಿತು. ಎಂಟು ಮಂದಿ ಸತ್ತರು. ಅವರಲ್ಲಿ ಒಬ್ಬರು ಪೊಲೀಸ್, ಗುಂಪು ಹೊಡೆದು ಕೊಂದದ್ದು.

ಆ ವಾರದ ಇಂಗ್ಲಿಷ್ ಪತ್ರಿಕೆ, ಟಿವಿಗಳಲ್ಲಿ ಹೆಚ್ಚು ಕೇಳಿದ ಪ್ರಶ್ನೆ ಐಟಿ ನಗರದ ಹೆಸರು ಏನಾಗಬೇಕು ಎಂಬುದು. ಗಾಜಿನ ಕಟ್ಟಡಗಳು ಎರಡು ದಿನ ಮುಚ್ಚಿದ್ದವು. ಆ ಗಾಜಿನ ಒಳಗೆ ಕೆಲಸ ಸಿಗದ, ಅದರ ಹೊರಗೆ ಆಟೋ ಓಡಿಸುವ, ಪಾರ್ಸಲ್ ಹೊರುವ, ಗಾರೆ ಕೆಲಸ ಮಾಡುವ ಹುಡುಗರೇ ಕಲ್ಲು ಹಿಡಿದಿದ್ದರು. ಕಲ್ಲು ಹಿಡಿದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಸತ್ತ ಪೊಲೀಸನಿಗೂ ಮನೆ ಇತ್ತು. ಆದರೆ ತಮ್ಮ ಊರಿನಲ್ಲೇ ತಮ್ಮ ಭಾಷೆ ಬಾಗಿಲ ಹೊರಗೆ ನಿಂತಿದೆ ಎಂದು ಅನ್ನಿಸಿದವರಿಗೆ ಒಳಗೆ ಕರೆದುಕೊಂಡ ಒಬ್ಬನೇ ಮನುಷ್ಯ ಅಣ್ಣಾವ್ರು. ಅಭಿಮಾನಿಗಳನ್ನು 'ದೇವರುಗಳು' ಎಂದು ಕರೆದವರು. ಅವರು ಸತ್ತ ದಿನ ಆ ದೇವರುಗಳಿಗೆ ಸರದಿಯಲ್ಲಿ ನಿಲ್ಲಲು ಒಂದು ಹಗ್ಗವನ್ನೂ ಯಾರೂ ಕಟ್ಟಿರಲಿಲ್ಲ.

ಇಲ್ಲಿ ಒಂದು ವಿಷಯವನ್ನು ನೆನಪಿಡಿ. ರಾಜ್‌ಕುಮಾರ್ 1994ರಲ್ಲೇ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ಕಣ್ಣಿನ ಬ್ಯಾಂಕ್ ಶುರು ಮಾಡಿಸಿದ್ದರು, ತಮ್ಮ ಮನೆಯವರೆಲ್ಲರ ಕಣ್ಣು ದಾನ ಎಂದು ಮಾತು ಕೊಟ್ಟಿದ್ದರು. 2006ರ ಆ ಬುಧವಾರ ಹೊರಗೆ ಗಲಾಟೆ ನಡೆಯುತ್ತಿದ್ದಾಗಲೇ ಅವರ ಕಣ್ಣುಗಳನ್ನು ತೆಗೆದು ಆ ಮಾತು ಉಳಿಸಿದರು. ಅಂದರೆ ತೆರೆಯ ನಾಯಕ ತೋರಿಸಿದ ದಾರಿ ಆ ದಿನವೂ ಇತ್ತು. ಹಾಸ್ಟೆಲಿನಲ್ಲಿ ನಮಗೆ ನೇತ್ರದಾನದ ಪಾಠ ಆಗಿತ್ತು, ಆದರೂ ಅಣ್ಣಾವ್ರ ಕಣ್ಣಿನ ವಿಷಯ ಮಾತಾಡಿದ್ದು ನೆನಪಿಲ್ಲ, ಬಸ್ಸು ಸುಟ್ಟದ್ದನ್ನೇ ಮಾತಾಡಿದೆವು. ಟಿವಿಯಲ್ಲಿ ಬೆಂಕಿಯನ್ನೇ ಮತ್ತೆ ಮತ್ತೆ ತೋರಿಸಿದರು. ಕಣ್ಣು ಹೊಗೆಯಲ್ಲಿ ಮುಚ್ಚಿಹೋಯಿತು.

ಭಾಗ 3

2021ರ ಅಕ್ಟೋಬರ್ 29. ಇಲ್ಲಿ ಎಕ್ಸ್‌ಪೋ ಶುರುವಾಗಿ ತಿಂಗಳಾಗುತ್ತಿತ್ತು. ಶುಕ್ರವಾರ, ಆಗಿನ್ನೂ ಯುಎಇಯಲ್ಲಿ ವಾರದ ರಜೆ ಶುಕ್ರವಾರವೇ. ಬೆಳಗ್ಗೆ ಜಿಮ್ ಮುಗಿಸಿದ ಪುನೀತ್ ರಾಜ್‌ಕುಮಾರ್ ಅವರಿಗೆ ಎದೆನೋವು, ಮಧ್ಯಾಹ್ನದ ಹೊತ್ತಿಗೆ ಸುದ್ದಿ ಖಚಿತ. ವಯಸ್ಸು 46. ನಮ್ಮ ಕ್ಲಸ್ಟರಿನಲ್ಲಿ ಒಂದೊಂದೇ ಮನೆಯ ಟಿವಿಯ ಸದ್ದು ಹೊರಗೆ ಕೇಳತೊಡಗಿತು, ಎಲ್ಲ ಒಂದೇ ಚಾನೆಲ್.

ಬೆಂಗಳೂರಿನಲ್ಲಿದ್ದವರಿಗೆ ಮೊದಲು ಬಂದ ಭಯ 2006. ಮನೆಗೆ ಫೋನ್ ಮಾಡಿ "ಹೊರಗೆ ಹೋಗಬೇಡಿ" ಎಂದವರಲ್ಲಿ ನಾನೂ ಒಬ್ಬಳು. ಅದೇ ಕುಟುಂಬ, ಅದೇ ಅಭಿಮಾನಿ ಸಂಘಗಳು, ಅದೇ ಕಂಠೀರವ ಕ್ರೀಡಾಂಗಣ, ಸಮಾಧಿಯೂ ಅದೇ ಸ್ಟುಡಿಯೋ. ಅಣ್ಣಾವ್ರದು ತುಂಬಿದ ಬದುಕು, ಇದು ಅಕಾಲ ಮರಣ, ಹಾಗಾಗಿ ದುಃಖ ಇನ್ನೂ ಹೆಚ್ಚು. ಜೊತೆಗೆ 2006ರಲ್ಲಿ ಇಲ್ಲದ ಸ್ಮಾರ್ಟ್‌ಫೋನು ಪ್ರತಿ ಕೈಯಲ್ಲೂ ಇತ್ತು. ಮಾಧ್ಯಮ ಹೆಚ್ಚಾದಷ್ಟೂ ಹುಡುಗರು ಹೆಚ್ಚು ಕೆಡುತ್ತಾರೆ ಎನ್ನುವುದು ನಿಜವಾಗಿದ್ದರೆ ಆ ದಿನ ಬೆಂಗಳೂರು ಉರಿಯಬೇಕಿತ್ತು.

ಉರಿಯಲಿಲ್ಲ. ನಗರದಲ್ಲಿ ಅಕ್ಟೋಬರ್ 31ರವರೆಗೆ ಮದ್ಯ ಮಾರಾಟ ಬಂದ್ ಮಾಡಿದರು. ಕ್ರೀಡಾಂಗಣದಲ್ಲಿ ಹಗಲೂ ರಾತ್ರಿ ದರ್ಶನಕ್ಕೆ ಬಿಟ್ಟರು. ಅಮೆರಿಕದಿಂದ ಮಗಳು ಬರುವವರೆಗೆ ಕಾಯುತ್ತೇವೆ ಎಂದು ಮೊದಲೇ ಹೇಳಿದರು. ಅಂದರೆ ಜನರಿಗೆ ಸಮಯ ಗೊತ್ತಿತ್ತು, ದಾರಿ ಗೊತ್ತಿತ್ತು, ಮುಖ ಕಾಣುತ್ತದೆ ಎಂಬ ಭರವಸೆ ಇತ್ತು. ಕುಟುಂಬದವರು ಶಾಂತಿಗಾಗಿ ಕೈಮುಗಿದು ಕೇಳಿಕೊಂಡರು. ಲಕ್ಷಾಂತರ ಜನ ಸರದಿಯಲ್ಲಿ ನಿಂತು, ಅತ್ತು, ಮನೆಗೆ ಹೋದರು. 2006ರಲ್ಲಿ 20 ವರ್ಷದವನಾಗಿದ್ದ ಹುಡುಗ ಈಗ 35ರ ಗೃಹಸ್ಥ, ಕೆಲವು ಊರುಗಳಲ್ಲಿ ಸಂಘದ ಅಧ್ಯಕ್ಷ. ಅವನಿಗೆ ಆ ಎಂಟು ಹೆಣಗಳು ನೆನಪಿದ್ದವು ಎಂದೇ ನನ್ನ ನಂಬಿಕೆ.

ಕಣ್ಣಿನ ವಿಷಯ ಈ ಸಲ ಮುಚ್ಚಿಹೋಗಲಿಲ್ಲ. ಆ ದಿನವೇ ನಾರಾಯಣ ನೇತ್ರಾಲಯದವರು ಪುನೀತ್ ಅವರ ಕಣ್ಣುಗಳನ್ನು ಪಡೆದರು. ಕೆಲವೇ ದಿನಗಳಲ್ಲಿ ಡಾ. ಕೆ. ಭುಜಂಗ ಶೆಟ್ಟಿಯವರು ಸುದ್ದಿಗೋಷ್ಠಿಯಲ್ಲಿ ಹೇಳಿದ್ದು: ಎರಡು ಕಣ್ಣು ನಾಲ್ಕು ಜನಕ್ಕೆ ಬೆಳಕಾಗಿದೆ. ಇದು ಹೇಗೆ ಎಂದು ಆಗ ನನ್ನನ್ನು ತುಂಬಾ ಜನ ಕೇಳಿದ್ದರು. ಕಣ್ಣು ಕಸಿ ಎಂದರೆ ಇಡೀ ಗುಡ್ಡೆಯನ್ನು ಜೋಡಿಸುವುದಲ್ಲ. ಮುಂದಿರುವ ಪಾರದರ್ಶಕ ಪದರವಾದ ಕಾರ್ನಿಯಾ ಮಾತ್ರ. ಆ ಕಾರ್ನಿಯಾದಲ್ಲೂ ಪದರಗಳಿವೆ. ಮುಂಭಾಗ ಕೆಟ್ಟವರಿಗೆ ಮುಂದಿನ ಪದರ, ಒಳಭಾಗ ಕೆಟ್ಟವರಿಗೆ ಒಳಗಿನ ಪದರ ಎಂದು ಒಂದನ್ನು ಎರಡಾಗಿ ಸೀಳಿ ಹಾಕಬಹುದು. ಹೀಗೆ ಎರಡು ಕಣ್ಣಿನಿಂದ ನಾಲ್ವರು. ಯುರೋಪಿನ ಒಲೊಮೌಟ್ಸ್ ಎಂಬ ಊರಿನಲ್ಲಿ ಎಡ್ವರ್ಡ್ ಝಿರ್ಮ್ ಎಂಬ ವೈದ್ಯರು ಮೊದಲ ಸಲ ಮನುಷ್ಯನ ಕಾರ್ನಿಯಾವನ್ನು ಯಶಸ್ವಿಯಾಗಿ ಕಸಿ ಮಾಡಿದ್ದು 1905ರಲ್ಲಿ. ಇದೇನೂ ಹೊಸ ವಿದ್ಯೆಯಲ್ಲ. ನಮ್ಮಲ್ಲಿ ಇಲ್ಲದಿದ್ದದ್ದು ಕೊಡುವವರು.

ಆ ಕೊಡುವವರು ಬಂದರು. ಕೆಲವೇ ವಾರಗಳಲ್ಲಿ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಊರೂರಿನ ಸಂಘಗಳು ಶಿಬಿರ ಮಾಡಿದವು. ಹೆಚ್ಚಿನವರು ಇಪ್ಪತ್ತು ಮೂವತ್ತರ ಹುಡುಗರು. ಸಾವಿನ ಮಾತನ್ನೇ ಎತ್ತಬಾರದ ವಯಸ್ಸು. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎಂದು ಹೆದರುವ ಅಜ್ಜಿಯರು ಇರುವ ಮನೆಗಳಿಂದಲೇ ಬಂದವರು.

ಇದನ್ನು ಬರೀ ಸಿನಿಮಾದ ಮಾಯೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದೇ 2021ರ ಜೂನ್‌ನಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಅವರ ಮನೆಯವರು ಅಂಗಾಂಗ ದಾನ ಮಾಡಿದರು. ಅದು ಕಣ್ಣಿಗಿಂತ ದೊಡ್ಡ ದಾನ. ಎಲ್ಲರೂ ಕಣ್ಣೀರಿಟ್ಟರು, ಹೊಗಳಿದರು, ಅಷ್ಟೆ. ಆ ಹೊಗಳಿಕೆಯನ್ನು ಹಿಡಿದು ಶಿಬಿರವಾಗಿ ಮಾಡಲು ಅವರ ಹೆಸರಿನಲ್ಲಿ ಊರೂರಲ್ಲಿ ಸಂಘ ಇರಲಿಲ್ಲ. ಅಪ್ಪು ಹೆಸರಿನಲ್ಲಿ ಇತ್ತು. 1982ರಲ್ಲಿ ಬಾವುಟ ಹಿಡಿಯಲು ಕಲಿತ, ಆಮೇಲೆ ಕೆಲಸವಿಲ್ಲದೆ ಕೂತ ಆ ಸಂಘಗಳಿಗೆ ಒಂದು ಫಾರಂ ತುಂಬಿಸುವ ಕೆಲಸ ಸಿಕ್ಕಿತು. ಜೊತೆಗೆ ಫಾರಂ ತೆಗೆದುಕೊಳ್ಳಲು 1994ರಿಂದ ಬಾಗಿಲು ತೆರೆದಿಟ್ಟ ಒಂದು ಆಸ್ಪತ್ರೆ ಇತ್ತು. ಮೂರು ಒಟ್ಟಿಗೆ ಬಿದ್ದವು: ತೆರೆಯ ಪ್ರೀತಿ, ಸಂಘ, ಆಸ್ಪತ್ರೆ.

ಇಲ್ಲಿಗೆ ನಿಲ್ಲಿಸಿದ್ದರೆ ಚಂದದ ಕಥೆ. ಆದರೆ ಅದೇ ವಾರ ಬೇರೊಂದೂ ನಡೆಯಿತು, ಅದನ್ನು ನಾವು ಮಾತಾಡುವುದು ಕಡಿಮೆ. ಅಪ್ಪು ಹೋದ ಮೇಲೆ ಕೆಲವು ಅಭಿಮಾನಿಗಳು ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಅಪ್ಪು ಹಾಗೆ ತಾನೂ ಕಣ್ಣು ಕೊಡಬೇಕು ಎಂದು ಹೇಳಿಕೊಂಡವರೂ ಇದ್ದರು ಎಂದು ಪತ್ರಿಕೆಗಳಲ್ಲಿ ಓದಿದೆವು. ಒಳ್ಳೆಯ ಸಂದೇಶ ಅದು, ಅದೇ ಕೊಂದಿತು. ಕುಟುಂಬದವರು ಮತ್ತೆ ಕ್ಯಾಮೆರಾ ಮುಂದೆ ಬಂದು, ದಯವಿಟ್ಟು ಹೀಗೆ ಮಾಡಿಕೊಳ್ಳಬೇಡಿ, ನಿಮ್ಮ ಮನೆಯವರನ್ನು ನೋಡಿ ಎಂದು ಬೇಡಿಕೊಳ್ಳಬೇಕಾಯಿತು.

ಆಸ್ಪತ್ರೆಯವರಿಗೆ ಇದು ಹೊಸತಲ್ಲ. 1774ರಲ್ಲಿ ಗಯಟೆಯ 'ವೆರ್ತರ್' ಕಾದಂಬರಿ ಬಂದಾಗ ಅದರ ನಾಯಕನ ಹಾಗೆ ಬಟ್ಟೆ ಹಾಕಿದ ಯುವಕರು ಅವನ ಹಾಗೆಯೇ ಸಾಯುತ್ತಾರೆ ಎಂದು ಹೆದರಿ ಕೆಲವು ಊರುಗಳಲ್ಲಿ ಪುಸ್ತಕವನ್ನೇ ನಿಷೇಧಿಸಿದ್ದರು. ಸರಿಯಾಗಿ 200 ವರ್ಷಗಳ ನಂತರ, 1974ರಲ್ಲಿ, ಡೇವಿಡ್ ಫಿಲಿಪ್ಸ್ ಎಂಬ ಸಮಾಜಶಾಸ್ತ್ರಜ್ಞರು ಪತ್ರಿಕೆಯ ಮುಖಪುಟದಲ್ಲಿ ಆತ್ಮಹತ್ಯೆಯ ಸುದ್ದಿ ಬಂದ ಮೇಲೆ ಅಂಥ ಸಾವುಗಳು ಏರುತ್ತವೆ ಎಂದು ಅಂಕಿಗಳಿಂದ ತೋರಿಸಿ, ಅದಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ವಿಯೆನ್ನಾದ ಉದಾಹರಣೆ. ಅಲ್ಲಿ ಸುರಂಗ ರೈಲಿನ ಹಳಿಗಳ ಮೇಲೆ ಸಾವುಗಳು ಹೆಚ್ಚಾಗಿದ್ದವು, ಪತ್ರಿಕೆಗಳು ಪ್ರತಿಯೊಂದನ್ನೂ ಫೋಟೋ ಸಮೇತ ಬರೆಯುತ್ತಿದ್ದವು. 1987ರ ನಡುವಿನಲ್ಲಿ ಅಲ್ಲಿನ ತಜ್ಞರು ಪತ್ರಕರ್ತರ ಜೊತೆ ಕೂತು, ಹೇಗೆ ಬರೆಯಬಾರದು ಎಂದು ಒಂದು ಸೂಚನೆ ಕೊಟ್ಟರು. ಪತ್ರಿಕೆಗಳು ಒಪ್ಪಿದವು. ಆರೇ ತಿಂಗಳಲ್ಲಿ ಆ ಹಳಿಗಳ ಮೇಲಿನ ಸಾವುಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದವು. ಅದೇ ರೈಲು, ಅದೇ ಊರು, ಅದೇ ದುಃಖಗಳು. ಬರೆಯುವ ರೀತಿ ಮಾತ್ರ ಬೇರೆ.

ನಮ್ಮ ಪ್ರೆಸ್ ಕೌನ್ಸಿಲ್ ಕೂಡ 2019ರಲ್ಲಿ ಇಂಥದೇ ಸೂಚನೆಗಳನ್ನು ಒಪ್ಪಿಕೊಂಡಿದೆ: ಹೆಸರು ಫೋಟೋ ಮೆರೆಸಬೇಡಿ, ವಿಧಾನ ಹೇಳಬೇಡಿ, ತ್ಯಾಗ ಎಂದು ಬಣ್ಣಿಸಬೇಡಿ, ಸಹಾಯವಾಣಿಯ ಸಂಖ್ಯೆ ಹಾಕಿ. ಎರಡೇ ವರ್ಷಕ್ಕೆ ನಾವು ನೋಡಿದ್ದೇನು? 'ಅಪ್ಪುಗಾಗಿ ಪ್ರಾಣ ಬಿಟ್ಟ ಅಭಿಮಾನಿ' ಎಂಬ ರೀತಿಯ ಪಟ್ಟಿಗಳು ಪರದೆಯ ಕೆಳಗೆ ಓಡಿದವು. ಫೋಟೋಗೆ ರೆಕ್ಕೆ ಅಂಟಿಸಿ, ಹಿಂದೆ ಹಾಡು ಹಾಕಿ ನಾವೇ ಸ್ಟೇಟಸ್ ಹಾಕಿದೆವು. ಯಾರಿಗೂ ಬೇಡವಾಗಿದ್ದ ಒಬ್ಬ ಹುಡುಗ ಸತ್ತ ಮೇಲೆ ಅಪ್ಪು ಪಕ್ಕದಲ್ಲಿ ಫೋಟೋ ಆಗುತ್ತಾನೆ ಎಂದರೆ, ಒಂಟಿಯಾಗಿರುವ ಇನ್ನೊಬ್ಬ ಹುಡುಗನಿಗೆ ನಾವು ಏನು ಹೇಳಿದ ಹಾಗಾಯಿತು? ಇಂಥ ಯೋಚನೆ ನಿಮ್ಮ ಹತ್ತಿರದ ಯಾರಿಗಾದರೂ ಬರುತ್ತಿದ್ದರೆ ಭಾರತದಲ್ಲಿ ಟೆಲಿ ಮಾನಸ್ 14416, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಇದು ಶುರುವಾದದ್ದು 2022ರ ಅಕ್ಟೋಬರಿನಲ್ಲಿ, ಅಪ್ಪು ಹೋಗಿ ಸುಮಾರು ಒಂದು ವರ್ಷಕ್ಕೆ.

ಒಂದು ಸಣ್ಣ ವಿಷಯ, ನರ್ಸ್ ಆದ್ದರಿಂದ ಬಿಡಲಾಗುವುದಿಲ್ಲ. ಆ ವಾರಗಳಲ್ಲಿ ಬೆಂಗಳೂರು ಮೈಸೂರುಗಳ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತೋರಿಸಿಕೊಳ್ಳಲು ಯುವಕರ ಸಾಲು ನಿಂತಿತು. ಆಗಿನ ನಿರ್ದೇಶಕ ಡಾ. ಸಿ.ಎನ್. ಮಂಜುನಾಥ್ ಅವರು ಗಾಬರಿಯಾಗಬೇಡಿ ಎಂದು ಹೇಳಬೇಕಾಯಿತು. ಅರ್ಧ ಜನ ಜಿಮ್ ಬಿಟ್ಟರು. ಸಿಗರೇಟು ಬಿಟ್ಟವರು ಎಷ್ಟು ಎಂದು ನಾನು ಗುಂಪಿನಲ್ಲಿ ಕೇಳಿದ್ದೆ, ಒಬ್ಬರೂ ಉತ್ತರ ಕೊಟ್ಟಿಲ್ಲ!

ಭಾಗ 4

ಈಗ ನಮ್ಮ ಇಂಟರ್‌ನ್ಯಾಷನಲ್ ಸಿಟಿಯ ಮಕ್ಕಳ ಕಡೆ ಬರುತ್ತೇನೆ, ಪ್ರಶ್ನೆ ಅವರದ್ದಲ್ಲವೇ.

ಇಲ್ಲಿ ಹುಟ್ಟಿದ ಮಗುವಿಗೆ ಟೆಂಟ್ ಗೊತ್ತಿಲ್ಲ, ಸಂಘ ಗೊತ್ತಿಲ್ಲ. ಒಂದು ಬೆಡ್‌ರೂಂ ಮನೆ, ಶಾಲೆಯ ಬಸ್ಸು, ಶನಿವಾರ ಡ್ರ್ಯಾಗನ್ ಮಾರ್ಟ್. ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಹಿಂದಿ, ಮನೆಯಲ್ಲಿ ಅರ್ಧ ಕನ್ನಡ. ಕನ್ನಡ ಎಂದರೆ ಅವರಿಗೆ ಅಜ್ಜಿಯ ವಿಡಿಯೋ ಕಾಲ್ ಮತ್ತು ರೀಲ್ಸ್. 2021ರ ಜನವರಿ 31ರಂದು 'ವಿಕ್ರಾಂತ್ ರೋಣ' ಚಿತ್ರದ ಹೆಸರು ಬುರ್ಜ್ ಖಲೀಫಾದ ಮೇಲೆ ಬೆಳಗಿದಾಗ ನಮ್ಮ ಹುಡುಗರು ಶಾಲೆಯಲ್ಲಿ ಎದೆ ಉಬ್ಬಿಸಿ ತೋರಿಸಿಕೊಂಡರು. 2022ರಲ್ಲಿ 'ಕೆಜಿಎಫ್' ಎರಡನೇ ಭಾಗ, 'ಕಾಂತಾರ' ಬಂದ ಮೇಲೆ ಮಲಯಾಳಿ, ಪಾಕಿಸ್ತಾನಿ ಸಹಪಾಠಿಗಳೇ ಇವರನ್ನು ಕನ್ನಡ ಹೇಳಿಕೊಡಿ ಎಂದು ಕೇಳತೊಡಗಿದರು. ತನ್ನ ಭಾಷೆಯ ಹೆಸರು ಹೇಳಲು ನಾಚುತ್ತಿದ್ದ ಮಗುವಿಗೆ ಒಂದು ತೆರೆ ಬೆನ್ನು ನೆಟ್ಟಗೆ ಮಾಡಿತು. ಆಟೋ ನಿಲ್ದಾಣದ ಹುಡುಗನಿಗೆ ಆದದ್ದೇ ಇದು. ಆದ್ದರಿಂದ ಫೋನ್ ಕಿತ್ತುಕೊಳ್ಳುವ ಅಪ್ಪ ಅಮ್ಮಂದಿರ ಜೊತೆ ನಾನು ಪೂರ್ತಿ ಇಲ್ಲ.

ಆದರೆ ಅದೇ ಫೋನಿನಲ್ಲಿ ಬೇರೆಯದೂ ಬರುತ್ತದೆ. 2024ರ ಜೂನ್‌ನಲ್ಲಿ ಹೆಸರಾಂತ ನಟರೊಬ್ಬರ ಬಂಧನವಾಯಿತು, ಕೊಲೆಯ ಆರೋಪ. ಪ್ರಕರಣ ನ್ಯಾಯಾಲಯದಲ್ಲಿದೆ, ಅದರ ಬಗ್ಗೆ ನನ್ನ ಮಾತಿಲ್ಲ. ಪರಪ್ಪನ ಅಗ್ರಹಾರದಲ್ಲಿ ಅವರಿಗೆ ಕೊಟ್ಟ ಕೈದಿ ಸಂಖ್ಯೆ 6106. ಆ ಸಂಖ್ಯೆ ಬೈಕುಗಳ ಮೇಲೆ ಸ್ಟಿಕರ್ ಆಯಿತು. ಒಂದು ಹಸುಗೂಸಿಗೆ ಕೈದಿಯ ಬಟ್ಟೆ ತೊಡಿಸಿ, ಆ ಸಂಖ್ಯೆ ಇಟ್ಟು ಫೋಟೋ ತೆಗೆದರು. ಸತ್ತ ವ್ಯಕ್ತಿಗೂ ಒಂದು ಮನೆ ಇದೆ, ಹೆಂಡತಿ ಇದ್ದಾಳೆ ಎಂಬ ಮಾತು ಆ ಸ್ಟಿಕರಿನಲ್ಲಿ ಎಲ್ಲೂ ಇರಲಿಲ್ಲ. ಅಪ್ಪು ಹೆಸರಿನ ನೇತ್ರದಾನದ ಕಾರ್ಡು ಮತ್ತು 6106ರ ಸ್ಟಿಕರು, ಇವೆರಡಕ್ಕೂ ನಡುವೆ ಇರುವುದು ಮೂರೇ ವರ್ಷ. ಮಾಧ್ಯಮ ಬದಲಾಗಿರಲಿಲ್ಲ. ಒಂದು ಕಡೆ ಕುಟುಂಬ, ಸಂಘ, ಆಸ್ಪತ್ರೆ, ಸರ್ಕಾರ ನಿಂತು ಹುಡುಗರಿಗೆ ಏನು ಮಾಡಬೇಕು ಎಂದು ತೋರಿಸಿದ್ದವು. ಇನ್ನೊಂದು ಕಡೆ ಹಾಗೆ ನಿಂತವರು ಕಾಣಲಿಲ್ಲ.

ಅದಕ್ಕೇ ನಾನು ಗುಂಪಿನಲ್ಲಿ ಮತ್ತೆ ಮತ್ತೆ ಕೇಳುವುದು: ಮಕ್ಕಳ ಫೋನಿನಲ್ಲಿ ಏನಿದೆ ಎಂದು ನೋಡುತ್ತೀರಿ ಸರಿ, ಫೋನ್ ಕೆಳಗಿಟ್ಟ ಮೇಲೆ ಅವರಿಗೆ ಹೋಗಲು ಎಲ್ಲಿದೆ? ಕನ್ನಡ ಮಿತ್ರರು ಯುಎಇ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ದುಬೈಯಲ್ಲಿ ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ. ವಾರಕ್ಕೆ ಒಂದು ತರಗತಿಗೆ ಕರೆದೊಯ್ಯಲು ನಮಗೆ ಟ್ರಾಫಿಕ್ ನೆಪ. 'ಕಾಂತಾರ'ದ ಹಾಡು ಹಾಡುವ ಹುಡುಗನಿಗೆ ಅದರ ಅಕ್ಷರ ಓದಲು ಬರುವುದಿಲ್ಲ. ಅದು ರೀಲ್ಸಿನ ತಪ್ಪೇ?

ಕೊನೆಗೆ ನೇತ್ರದಾನದ ಬಗ್ಗೆ, ಇನ್‌ಬಾಕ್ಸಿನಲ್ಲಿ ಕೇಳುವವರಿಗಾಗಿ. ಅಪ್ಪು ಹೋದಾಗ ಹೆಸರು ಬರೆಸಿದ ಎಷ್ಟೋ ಜನ ಮನೆಯಲ್ಲಿ ಹೇಳಿಯೇ ಇಲ್ಲ. ಕಾರ್ಡು ಪರ್ಸಿನಲ್ಲಿದ್ದರೆ ಸಾಲದು, ಸತ್ತ ಮೇಲೆ ಒಪ್ಪಿಗೆ ಕೊಡುವವರು ಮನೆಯವರು. ಹೆಸರು ಬರೆಸದಿದ್ದರೂ ಮನೆಯವರು ಒಪ್ಪಿದರೆ ಕೊಡಬಹುದು. ಕನ್ನಡಕ ಇದ್ದರೂ, ಸಕ್ಕರೆ ಕಾಯಿಲೆ, ಬಿಪಿ ಇದ್ದರೂ ಅಡ್ಡಿಯಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್ ಇದ್ದವರಿಂದ ತೆಗೆದುಕೊಳ್ಳುವುದಿಲ್ಲ. ಯುಎಇಯಲ್ಲಿ 2016ರ ಕಾನೂನಿನ ನಂತರ ಮೃತರ ಅಂಗದಾನಕ್ಕೆ ಅವಕಾಶ ಬಂದಿದೆ. 'ಹಯಾತ್' ಎಂಬ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇಲ್ಲಿ ವಾಸಿಸುವವರೂ ಹೆಸರು ನೋಂದಾಯಿಸಬಹುದು. ಹಯಾತ್ ಎಂದರೆ ಅರಬ್ಬಿಯಲ್ಲಿ ಜೀವ.

ಊರಿನಲ್ಲಿ ಸಾವಾದರೆ ಆರು ಗಂಟೆಯೊಳಗೆ ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಬೇಕು. ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆಯ ಕೆಳಗೆ ಒಂದು ದಿಂಬು ಕೊಡಿ. ಫ್ಯಾನ್ ಆಫ್ ಮಾಡಿ, ಗಾಳಿಗೆ ಕಾರ್ನಿಯಾ ಒಣಗುತ್ತದೆ. ಬಂದವರಿಗೆ ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಮುಖ ವಿಕಾರ ಆಗುವುದಿಲ್ಲ, ದರ್ಶನಕ್ಕೆ ಬಂದವರಿಗೆ ಏನೂ ಗೊತ್ತಾಗುವುದಿಲ್ಲ.